ಟ್ರಿಪ್ ಕಟ್ ಆದ ಕವಲುತೋಕೆಗಳು

ಕಾರ್ಬನ್ ಕಾಗದದ ವಾಸನೆ ಇಷ್ಟು ವರ್ಷ ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ಕನ್ನಡಕ ಹುಡುಕುತ್ತ ಮೇಜಿನ ಡ್ರಾಯರ್ ಎಳೆದರೆ ನೀಲಿ ಅಕ್ಷರದ ಹಾಳೆಗಳ ಕಟ್ಟು ಕೈಗೆ ಬಂತು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಟೈಮ್ ಕೀಪರ್ ಕೊಟ್ಟದ್ದು...

ಖಾಸಗಿ ಬಸ್ಸುಗಳು ಬಂದ, ಹೊರಟ ಸಮಯ ಬರೆದುಕೊಳ್ಳುವುದು ಅವರ ಕೆಲಸ. ಒಂದು ನಿಮಿಷ ತಡವಾದರೂ ಡ್ರೈವರನಿಗೆ ಸಹಸ್ರನಾಮಾರ್ಚನೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಕವಲುತೋಕೆ ಹಕ್ಕಿಗಳು ಸಂಜೆ ಎದುರಿನ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುತ್ತಿದ್ದವು. ಅವನ್ನೂ ಅದೇ ಹಾಳೆಯಲ್ಲಿ, ಕಂಬದಿಂದ ಕಂಬಕ್ಕೆ ಎಣಿಸಿ ಬರೆಯುತ್ತಿದ್ದರು. ಬೇಸಗೆಗೆ ಅವು ಮರಳಿ ಹೊರಡುವವರೆಗೆ ಒಂದು ಸಂಜೆಯೂ ತಪ್ಪಿಸಿದವರಲ್ಲ.

ನಾನಾಗ ಹೈಸ್ಕೂಲು ಮಾಷ್ಟ್ರು. ವಸಂತದ ಹಕ್ಕಿ ಗಣತಿಗೆ ನಮ್ಮ ಕಡೆಯ ಪಟ್ಟಿ ಒಟ್ಟುಮಾಡುವವನೂ ನಾನೇ. ಅವರು ಹಾಳೆಗಳನ್ನು ಮನೆಗೇ ತಂದರು.

"ಇದನ್ನೂ ಸೇರಿಸಿ ಮಾಷ್ಟ್ರೆ. ಸ್ಟ್ಯಾಂಡಿಗೆ ಆ ದೊಡ್ಡ ಲೈಟು ಹಾಕಿದ ಮೇಲೆ ಹಕ್ಕಿ ಕಮ್ಮಿ ಆಗ್ತಾ ಉಂಟು. ಯಾರಿಗಾದ್ರೂ ಹೇಳ್ಬೇಕಲ್ಲ ಮಾರಾಯ್ರೆ?"

ಬಸ್ಸು ಓಡದ ದಿನ ಬರೆಯುವ ಹಾಗೆಯೇ, ಹಕ್ಕಿ ಬಾರದ ಸಂಜೆಗಳ ಎದುರು ಅವರು "ಟ್ರಿಪ್ ಕಟ್" ಎಂದು ಬರೆದಿದ್ದರು. ಗಣತಿಯ ಸಭೆಯಲ್ಲಿ ಅದನ್ನು ಓದಿದೆ. ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡ ಮಹಾಶಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹಾಳೆಗಳು ಪಟ್ಟಿಗೆ ಸೇರಲಿಲ್ಲ. ಮರುವರ್ಷವೂ ಅವರು ತಂದರು, ಅದರ ಮರುವರ್ಷವೂ... ಕಂಡಾಗಲೆಲ್ಲ "ಹೋಯ್ತಾ ಮಾಷ್ಟ್ರೆ?" ಎನ್ನುತ್ತಿದ್ದರು. "ಹೋಯಿತು" ಎನ್ನುತ್ತಿದ್ದೆ.

ಈ ವಸಂತದ ಗಣತಿಯ ಫಲಿತಾಂಶ ಮೊನ್ನೆ ಮೊಬೈಲಿಗೆ ಬಂತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕವಲುತೋಕೆ ಸೊನ್ನೆ. ಕೆಳಗೊಂದು ಟಿಪ್ಪಣಿ: ಹಿಂದಿನ ದಾಖಲೆ ಇಲ್ಲದ್ದರಿಂದ ಕಡಿಮೆಯಾಗಿದೆ ಎನ್ನಲಾಗದು. ಮೈಯೆಲ್ಲ ಉರಿದುಹೋಯಿತು. ಎಂಥ ಜಾಣತನ! ಬರೆದವರನ್ನು ನೋಡಿ ನಗುವುದು, ಆಮೇಲೆ ಬರೆದವರೇ ಇರಲಿಲ್ಲ ಎನ್ನುವುದು. ಇರಲೇ ಇಲ್ಲವೆಂದ ಮೇಲೆ ಕಳೆದುಕೊಂಡದ್ದೂ ಇಲ್ಲವಲ್ಲ, ಆ ಲೈಟು ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಗಣತಿಯವರಿಗೆ ಫೋನು ಮಾಡಿ ಚೆನ್ನಾಗಿ ಬೈಯಬೇಕೆಂದೇ ನಾನು ಕನ್ನಡಕ ಹುಡುಕಿದ್ದು.

ಸಿಕ್ಕಿದ್ದು ಈ ಕಟ್ಟು. ಕೊನೆಯ ವರ್ಷದ ಹಾಳೆಗಳಿಗೆ ಅವರು ಹಾಕಿದ ರಬ್ಬರ್ ಬ್ಯಾಂಡನ್ನು ನಾನು ಬಿಚ್ಚಿಯೂ ಇರಲಿಲ್ಲ. ಇಲ್ಲವೆಂದ ದಾಖಲೆ ನನ್ನ ಮನೆಯಲ್ಲೇ ಇತ್ತು. ಬೈಸಿಕೊಳ್ಳಬೇಕಾದವನು ಬೇರೆ ಯಾರೂ ಅಲ್ಲ.

ಫೋನು ಮಾಡಿದೆ. "ದಾಖಲೆ ಉಂಟು, ತಡೆದಿಟ್ಟದ್ದು ನಾನು" ಎಂದೆ. ಆ ಕಡೆಯವರು ಕಳಿಸಿ ಎಂದರು. ಇವತ್ತು ಒಂದೂ ಬಿಡದೆ ಎಲ್ಲ ಹಾಳೆಗಳ ಫೋಟೋ ತೆಗೆದು ಕಳಿಸಿದೆ. ಟೈಮ್ ಕೀಪರ್ ತೀರಿಕೊಂಡು ಎರಡು ವರ್ಷವಾಯಿತು. ಹೋಯ್ತಾ ಎಂದು ಕೇಳಲು ಈಗ ಅವರಿಲ್ಲ.