ಅಜ್ಜಿಯರ ಕಡಲು

ಕೊರಿಯಾದ ಜೆಜು ದ್ವೀಪದ ನಮ್ಮೂರಿನಲ್ಲಿ, ಮುಳುಗಿ ಚಿಪ್ಪು ಕೀಳುವ ಹೆಂಗಸರ ಸಹಕಾರ ಸಂಘವಿದೆ. ದಡದಂಚಿನ ಆಳವಿಲ್ಲದ ನೀರನ್ನು ಸಂಘ ಮುದುಕಿಯರಿಗೆಂದೇ ಬಿಟ್ಟಿದೆ. ಅದು ಅಜ್ಜಿಯರ ಕಡಲು. ಗಟ್ಟಿಮುಟ್ಟಾದವರು ಅಲ್ಲಿ ಒಂದು ಚಿಪ್ಪನ್ನೂ ಮುಟ್ಟುವಂತಿಲ್ಲ.

ಅದನ್ನು ಕಾದವಳು ಸಂಘದ ಮುಖ್ಯಸ್ಥೆ ಬು ಚುನ್‌ಓಕ್. ಕದಿಯಲು ಇಳಿದ ಪರವೂರಿನ ಗಂಡಸೊಬ್ಬನ ಹಲ್ಲನ್ನು ಚಿಪ್ಪು ಮೀಟುವ ಕಬ್ಬಿಣದಿಂದಲೇ ಉದುರಿಸಿದಳು. ಆಸೆಗೆ ಬಿದ್ದು ಅಲ್ಲಿನ ಚಿಪ್ಪಿಗೆ ಕೈಹಾಕಿದ ಸ್ವಂತ ನಾದಿನಿ ಸುನ್‌ಹ್ವಾಳನ್ನು ಕತ್ತು ಹಿಡಿದು ಬಂಡೆಗೆ ಅಪ್ಪಳಿಸಿದಳು. ಹಣೆ ಸೀಳಿತು. ಊರವರು ಅವಳನ್ನು ರಾಕ್ಷಸಿ ಎಂದರು. ಎನ್ನಲಿ! ಆ ರಾಕ್ಷಸಿ ಇಲ್ಲದಿದ್ದರೆ ನನ್ನ ತಾಯಿ ಮುಪ್ಪಿನಲ್ಲಿ ಪರರ ಗಂಜಿಗೆ ಕೈಯೊಡ್ಡಬೇಕಿತ್ತು.

ಈ ವಸಂತದಲ್ಲಿ, ತಲೆ ನರೆತ ಚುನ್‌ಓಕ್ ಆಳದಿಂದ ಮೂಗಿನಲ್ಲಿ ರಕ್ತ ಸುರಿಸುತ್ತ ಮೇಲೆ ಬಂದಳು. ಮತ್ತೆ ಮುಳುಗಲು ಹೊರಟವಳನ್ನು ಸುನ್‌ಹ್ವಾ ತಡೆದಳು.

"ಅತ್ತಿಗೆ, ಸಾಕು. ಇನ್ನು ಅಜ್ಜಿಯರ ಕಡಲಿಗೆ ನಡಿ."

"ಯಾರೇ ಅಜ್ಜಿ? ನಿಮ್ಮಮ್ಮ!" ಎಂದು ಚುನ್‌ಓಕ್ ಅವಳ ಕೆನ್ನೆಗೆ ಬಾರಿಸಿದಳು.

ಸುನ್‌ಹ್ವಾ ತಿರುಗಿಸಿ ಬಾರಿಸಿದಳು. ಒದೆಯುತ್ತ, ಕಚ್ಚುತ್ತ ಇದ್ದ ಅತ್ತಿಗೆಯನ್ನು ದಡದವರೆಗೂ ಎಳೆದು ತಂದು ಮೊಣಕಾಲುದ್ದದ ನೀರಿನಲ್ಲಿ ಕುಕ್ಕಿದಳು. ಹಣೆಯ ಗಾಯದ ಕಲೆ ತೋರಿಸಿ ಕಿರುಚಿದಳು:

"ನನ್ ತಲೆ ಒಡ್ದು ಈ ನೀರನ್ನ ಯಾರಿಗೆ ಅಂತ ಕಾಯ್ದೆ? ನಿಂಗೇ ಕಣೇ, ಮುದುಕಿ! ಬಾಚ್ಕೋ!"