ಅಂಗೈಯಷ್ಟು ಹಳೇ ಬಣ್ಣ

ವಿಮಾನಗಳಿಗೆ ಬಣ್ಣ ಹೊಡೆಯುವುದು ನನ್ನ ಕೆಲಸ. ಕಂಪನಿ ಹೊಸ ಬಣ್ಣ ಆರಿಸಿತೆಂದರೆ ವಿಮಾನಗಳನ್ನು ಒಂದೊಂದಾಗಿ ಶೆಡ್ಡಿಗೆ ತಂದು, ಹಳೆಯದನ್ನು ಲೋಹ ಕಾಣುವವರೆಗೆ ತೆಗೆಯುತ್ತೇವೆ. ಬಣ್ಣಕ್ಕೂ ತೂಕವಿದೆ, ತೂಕ ಹೆಚ್ಚಿದರೆ ಇಂಧನ ಹೆಚ್ಚು ಬೇಕು.

ಅದಿರಿನ ಭರಾಟೆಯ ಕಾಲದಲ್ಲಿ ಹಂಪಿ ನೋಡಲು ಹೊರಟವನು ಹೊಸಪೇಟೆಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಕಡೆ ನಿಂತುಬಿಟ್ಟೆ. ಮಾಲೀಕರೊಬ್ಬರ ಲಾರಿಗಳೆಲ್ಲ ಹಸಿರಿನಿಂದ ಬಿಳಿಗೆ ತಿರುಗುತ್ತಿದ್ದವು. ಒಂದು ಲಾರಿಯ ಬಾಗಿಲಲ್ಲಿ ಮಾತ್ರ ಪೇಂಟರ್ ಅಂಗೈಯಷ್ಟು ಹಸಿರು ಉಳಿಸಿದ್ದ.

"ಅದನ್ನೂ ಕೆರೆದುಬಿಡಿ. ವಿಮಾನದ ಮೇಲೆ ನಾವು ಚೂರೂ ಉಳಿಸೋದಿಲ್ಲ" ಎಂದೆ, ದೊಡ್ಡ ಕಸುಬುದಾರನ ಗತ್ತಿನಲ್ಲಿ.

ಪಕ್ಕದಲ್ಲಿ ಕೂತಿದ್ದ ಆ ಲಾರಿಯ ಡ್ರೈವರ್ ಎದ್ದು ಬಂದ. "ಬ್ಯಾಡ್ರಿ. ದಿನಾ ಗಾಡಿ ಹತ್ತಬೇಕಾದ್ರ ಅಲ್ಲೇ ಮುಟ್ಟಿ ನಮಸ್ಕಾರ ಮಾಡೀನ್ರಿ. ಅದನ್ನ ಹೆಂಗ ಕೆರಸ್ಲಿ? ನಿಮ್ಮ ಪೈಲಟ್‌ಗೋಳು ಏನೂ ಅನ್ನಂಗಿಲ್ಲೇನ್ರಿ?"

"ಅವರಿಗೆ ದಿನಾ ಒಂದೇ ವಿಮಾನ ಸಿಗೋದಿಲ್ಲ" ಎಂದೆ.

"ಅಯ್ಯೋ ಪಾಪ" ಎಂದ.

ಪಾಪ ಅಂದದ್ದು ಪೈಲಟ್ಟಿಗೋ ವಿಮಾನಕ್ಕೋ, ನಾನು ಕೇಳಲಿಲ್ಲ. ಆದರೆ ಅಂದಿನಿಂದ ಹಳೇ ಬಣ್ಣ ತೆಗೆಯುವಾಗ ಬಾಗಿಲ ಪಕ್ಕದ ಜಾಗವನ್ನು ಕೊನೆಯವರೆಗೆ ಬಿಟ್ಟಿರುತ್ತೇನೆ. ಇನ್ನೂ ಯಾರೂ ಬಂದು ಬ್ಯಾಡ್ರಿ ಅಂದಿಲ್ಲ.