ಮಾನಪ್ಪನ ಒಪ್ಪತ್ತು

ಬನ್ನಿ ಹಬ್ಬದ ಹಿಂದಿನ ದಿನ ನನ್ನ ಗಂಡ ದೊಡ್ಡಿಯ ಮುಂದೆ ಕೂತು ಕುರಿಯ ಗೊರಸು ಕೆತ್ತುತ್ತಿದ್ದರು. ಕುರಿ ಹಿಡಿದವಳು ನಾನು. ಅವರ ಕೈಯಲ್ಲಿ ಹಿಡಿಯುವ ತ್ರಾಣ ಇರಲಿಲ್ಲ. ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಕೋಲು ಊರಿ ನಿಲ್ಲುತ್ತಿದ್ದರು. ಪಾದ ಬಾತಿದ್ದವು. ಆದರೂ ಅದು ನಮ್ಮ ಮನೆಯ ಕೊನೆಯ ಸಾದಾ ದಿನ.

ಅವರ ಹೆಸರು ಮಾನಪ್ಪ. ಬದುಕಿದ್ದಾಗ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದಿಲ್ಲ. ಈಗ ಹೇಳುತ್ತೇನೆ. ಶಹಾಪುರದ ಗುಡ್ಡದ ಕೆಳಗೆ ಕುರಿ ಕಾಯುತ್ತಿದ್ದರು.

ಒಪ್ಪತ್ತು ಹಿಡಿದದ್ದು ತಮ್ಮನಿಗಾಗಿ. ರಜಾಕಾರರ ಗದ್ದಲದಲ್ಲಿ ನನ್ನ ಮೈದುನ ಅಂಬಣ್ಣ ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರುತ್ತೇನೆ ಎಂದು ಹೋದ. ಆಮೇಲೆ ಸುದ್ದಿಯೇ ಇಲ್ಲ. ತಮ್ಮ ಮನೆಗೆ ಬರುವವರೆಗೆ ದಿನಕ್ಕೆ ಒಂದೇ ಊಟ, ಉಪ್ಪಿಲ್ಲದ ಒಂದೇ ರೊಟ್ಟಿ ಎಂದು ಇವರು ಹರಕೆ ಹೊತ್ತರು. ಕಾಳು ಬಿಟ್ಟರು. ಕುರಿ ಕಾಯುವ ಮನುಷ್ಯ ಹಾಲು ಬಿಟ್ಟರು. ಉಗಾದಿಯಿಂದ ಹಾಗೆಯೇ ಗುಡ್ಡ ಹತ್ತಿ ಇಳಿದರು. ಸೊಂಟದ ಉಡದಾರ ಜಾರತೊಡಗಿತು. ನಾನೇ ಗಂಟು ಹಾಕಿ ಸಣ್ಣದು ಮಾಡಿದೆ.

ಮಿಲಿಟರಿ ಬಂತು, ನಿಜಾಮನ ಆಳಿಕೆ ಮುಗಿಯಿತು. ಬೇರೆಯವರ ಮಕ್ಕಳು ಮನೆಗೆ ಬಂದರು, ಅಂಬಣ್ಣ ಬರಲಿಲ್ಲ. ದೇವರಿಗೆ ಒಪ್ಪತ್ತು ಸಾಲಲಿಲ್ಲ ಎಂದು ಇವರು ನವರಾತ್ರಿಗೆ ಆ ಒಂದು ರೊಟ್ಟಿಯನ್ನೂ ಬಿಟ್ಟರು. ಬರೀ ನೀರು. ನವರಾತ್ರಿ ಉಪವಾಸ ಊರಲ್ಲಿ ಎಷ್ಟೋ ಜನ ಮಾಡುತ್ತಾರೆ. ಅವರದು ಉಂಡ ಮೈ, ನಡುವೆ ಹಾಲು ಹಣ್ಣು ತಿನ್ನುತ್ತಾರೆ. ಇವರ ಮೈಯಲ್ಲಿ ಏನಿತ್ತು? ಊರು ಅದನ್ನು ನೋಡಲಿಲ್ಲ. ಹಾದಿಯಲ್ಲಿ ಹೆಂಗಸರು ಬಾತ ಕಾಲನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನ್ನ ಅತ್ತೆ ಗುರುಲಿಂಗಮ್ಮ ಮಗನನ್ನು ನೋಡಿ ಬೀಗಿದಳು.

ನಾನು ಆಮೀನಾಳ ಹತ್ತಿರ ಹೋದೆ. ಅವಳ ಗಂಡ ಹಕೀಮ. ಅರ್ಧ ಊರು ಅವನ ಔಷಧದ ಪುಡಿ ತಿಂದು ಬದುಕಿತ್ತು. ಮಿಲಿಟರಿ ಬಂದ ವಾರದಲ್ಲಿ ಅವನನ್ನು ಹೊಡೆದು ಹಾಕಿದರು. ಯಾರು ಎಂದು ಊರಿಗೆ ಗೊತ್ತು. ಅವಳು ಬಾಗಿಲು ಅರ್ಧ ತೆಗೆದು ಮಾತಾಡಿದಳು.

"ಉಪಾಸಕ್ಕಿಂತ ಅದನ್ನ ಬಿಡೋದೇ ಖತರಾ ಅದ ಅಕ್ಕಾ. ಮೊದಲ ತಿಳಿ ಗಂಜಿ ಕೊಡು, ಗುಟುಕು ಗುಟುಕು. ಒಂದ್ ವಾರ ಅಷ್ಟೇ. ಒಮ್ಮಿಗೇ ಹೊಟ್ಟಿ ತುಂಬ ಉಣಿಸಿದ್ರ ಎದಿ ನಿಂತು ಹೋಗ್ತದ. ಹಂಗ ಸತ್ತವರನ್ನ ನಮ್ಮ ಮನಿಯವರು ನೋಡಿದ್ರು."

ಮನೆಗೆ ಬಂದು ಹೇಳಿದೆ. ಸಾಬರ ಹೆಂಗಸಿನ ಮಾತು ಕಟ್ಟಿಕೊಂಡು ದೇವರ ಹರಕೆಗೆ ಅಡ್ಡ ಬರುತ್ತೀಯಾ ಎಂದು ಅತ್ತೆ ಬೈದಳು.

ಬನ್ನಿ ದಿನ ಅಂಬಣ್ಣ ಬಂದ. ಯಾದಗಿರಿಯಲ್ಲಿ ರೈಲು ಇಳಿದು, ಮೈ ಕೈ ತುಂಬಿಕೊಂಡು ಬಂದ. ಶಿಬಿರ ಬಿಟ್ಟು ಸೊಲ್ಲಾಪುರದ ಗಿರಣಿಯಲ್ಲಿ ಇದ್ದನಂತೆ. ಕಾಗದ ಹಾಕಲು ಪುರುಸೊತ್ತು ಆಗಲಿಲ್ಲವಂತೆ.

ಹರಕೆ ಮುಟ್ಟಿತು. ದೊಡ್ಡ ಹರಕೆ ತೀರಿಸಿದವನು ಕರೆದ ಮನೆಗೆಲ್ಲ ಹೋಗಿ ಉಣ್ಣಬೇಕು. ಅದು ನಮ್ಮೂರ ರೂಢಿ. ಒಲ್ಲೆ ಎಂದರೆ ಆ ಮನೆಗೆ ಕೇಡು ಬಯಸಿದ ಹಾಗೆ. ಕರೆಯದ ಮನೆ ಇರಲಿಲ್ಲ. ನಾನು ಗಂಜಿ ಕಾಯಿಸಿ ಇಟ್ಟಿದ್ದೆ. ಕರೆಯಲು ಬಂದ ಹೆಂಗಸರು ಗಡಿಗೆ ನೋಡಿ ನಕ್ಕರು.

"ಹರಕಿ ಮುಟ್ಟಿಸಿದ ಗಂಡಸಿಗಿ ಗಂಜಿ ಏನಬೇ? ಹಡದಾನೇನು ಅಂವ?"

ನಾನು ಗಂಡನ ಮುಂದೆ ಕೂತೆ. "ಹಸದ ಕುರಿನ ಒಮ್ಮಿಗೇ ಹಸಿ ಜ್ವಾಳದಾಗ ಬಿಡ್ತೀರೇನು? ಹೊಟ್ಟಿ ಉಬ್ಬಿ ಸಾಯ್ತದ ಅಂತ ನೀವೇ ಹೇಳ್ತೀರಿ."

"ನಾ ಕುರಿ ಅಲ್ಲಲ್ಲ," ಎಂದು ನಕ್ಕರು. "ಮಂದಿ ಪ್ರೀತಿಲೆ ಕರ್ಯಾಕತ್ಯಾರ. ಒಲ್ಲೆ ಅಂತ ಹ್ಯಾಂಗ ಅನ್ಲಿ?"

ಹೋಳಿಗೆ, ತುಪ್ಪ, ಬೆಲ್ಲದ ಪಾನಕ. ಒಂದು ಮನೆ ಆದಮೇಲೆ ಇನ್ನೊಂದು. ಮರುದಿನ ಕೈ ನಡುಗಿತು, ಕೋಲು ನಿಲ್ಲಲಿಲ್ಲ. ಕೂತಲ್ಲೇ ಏದುಸಿರು ಬಿಟ್ಟರು. ಸಾಕು ಮಾಡಿ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅಂಬಣ್ಣ ನನ್ನನ್ನು ಸರಿಸಿ, ಅಣ್ಣನ ರಟ್ಟೆ ಹಿಡಿದು ನಡೆಸಿಕೊಂಡು ಹೋದ. ಉಂಡರೆ ತ್ರಾಣ ಬರುತ್ತದೆ ಎಂದ.

ಮೂರನೆಯ ದಿನ ಯಾರದೋ ಪಡಸಾಲೆಯಲ್ಲಿ, ಎಲೆಯ ಮುಂದೆ ಕೂತಲ್ಲೇ ಗೋಡೆಗೆ ಒರಗಿದರು. ಆ ಮನೆಯವರು ನನ್ನನ್ನು ಕರೆದರು. ನಾನು ಹೋಗುವಷ್ಟರಲ್ಲಿ ಉಸಿರು ಇರಲಿಲ್ಲ. ಬಾಯಿಯಲ್ಲಿ ತುತ್ತು ಹಾಗೇ ಇತ್ತು. ಬೆರಳು ಹಾಕಿ ತೆಗೆದೆ.

ಪುಣ್ಯವಂತ, ಹರಕೆ ಮುಟ್ಟಿಸಿ ಉಣ್ಣುತ್ತ ಉಣ್ಣುತ್ತ ಹೋದ ಎಂದಿತು ಊರು. ಮಣ್ಣಿಗೆ ಎಲ್ಲರೂ ಬಂದರು. ಆಮೀನಾ ದೂರ ನಿಂತಿದ್ದಳು, ಹತ್ತಿರ ಬಿಡಲಿಲ್ಲ. ವರ್ಷ ತುಂಬುವ ಮೊದಲೇ ನಮ್ಮ ದೊಡ್ಡಿಯ ಪಕ್ಕ ಒಂದು ಕಲ್ಲು ನಿಲ್ಲಿಸಿ ಕುಂಕುಮ ಹಚ್ಚಿದರು. ಈಗ ಸುರಪುರದ ಕಡೆಯಿಂದಲೂ ಹೆಂಗಸರು ಬರುತ್ತಾರೆ. ಮಕ್ಕಳಿಗಾಗಿ, ಗಂಡನಿಗಾಗಿ ಒಪ್ಪತ್ತು ಹಿಡಿದು, ಅದರ ಮೇಲೆ ಉಪವಾಸ ಕೂರುತ್ತಾರೆ. ನನ್ನ ಗಂಡ ಏನಾಗಿ ಸತ್ತರು ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ದುಃಖಕ್ಕೆ ತಲೆ ಕೆಟ್ಟಿದೆ ಎನ್ನುತ್ತಾರೆ. ಕಲ್ಲಿಗೆ ಅಂಬಣ್ಣ ಪೂಜಾರಿ. ಉಂಡೇ ಪೂಜೆ ಮಾಡುತ್ತಾನೆ.

ಬೆಳಗ್ಗೆ ಅವನು ಏಳುವ ಮೊದಲು ನಾನು ಏಳುತ್ತೇನೆ. ದೊಡ್ಡಿಯ ಹಿಕ್ಕೆ ಗುಡಿಸಿ ಬುಟ್ಟಿಗೆ ತುಂಬುತ್ತೇನೆ. ಅದೇ ಕಸಬರಿಗೆಯಿಂದ ಕಲ್ಲಿನ ಮುಂದಿನ ಹೂವು, ಎಡೆ ಬಳಿದು ಅದೇ ಬುಟ್ಟಿಗೆ ಹಾಕಿ ತಿಪ್ಪೆಗೆ ಚೆಲ್ಲುತ್ತೇನೆ. ಆಮೇಲೆ ಕುರಿ ಬಿಡುತ್ತೇನೆ.